ಏಳನೇ ಪದರು

ಈ ನೀರಿನ ತಳ ನನಗ ಗೊತ್ತದ.
ನಾನೇ ಕಡಿದದ್ದು.

ಶಹಾಬಾದಿನ ಹಳೇ ಗಣಿ. ಪಂಪು ನಿಂತ ವರ್ಷ
ಒಂದೇ ಮಳಿಗಾಲಕ್ಕ ಕಂಠಮಟ ತುಂಬಿತು,
ಕಬ್ಬಿಣದ ಏಣಿ ಬಿಚ್ಚಿ ಒಯ್ಯಲಿಕ್ಕೂ ಯಾರೂ ಬರಲಿಲ್ಲ.
ಮರುವರ್ಷ ಖಾಜಾಸಾಬ ಬೆಣ್ಣೆತೊರೆ ಕಡಿಂದ
ಎರಡು ಕೊಡ ಮರಿ ತಂದು ಸುರುವಿ
ಬೀಡಿ ಹಚ್ಚಿಕೊಂಡು ಹೋದ.
ಆ ಮರಿಯೊಳಗಿಂದೊಂದು ಈಗ
ನನ್ನ ಸಣ್ಣ ಮಗಳಿಗಿಂತ ಉದ್ದ ಆಗ್ಯದ.
ವಾಡಿ ಟೇಶನ್ನಿನ ಖಾನಾವಳಿಯವ
ತಲಿಗೆ ಬ್ಯಾರೆ ರೇಟು ಕೊಡ್ತೀನಿ ಅಂದಾನ.

ಬಂದೂಕು ಸಾಗವಾನಿ ಚೌಕಟ್ಟಿನ ತುಂಡು,
ರಬ್ಬರು ಲಾರಿ ಟ್ಯೂಬಿಂದು.
ಭರ್ಚಿ ಮಾಡಿಕೊಟ್ಟ ವೆಲ್ಡಿಂಗಿನ ಇಸಾಕ
'ಹಂದಿಗೇನು?' ಅಂತ ಕೇಳಿ ತಾನೇ ನಕ್ಕ.
ನಡಕ್ಕ ಕಟ್ಟಿದ್ದು ಇದೇ ಗಣಿಯ ಫರಸಿ,
ಮೂಲಿ ಒಡೆದದ್ದು, ಸೇಠ ಬ್ಯಾಡಂತ ಒಗೆದದ್ದು.
ನನ್ನ ಮುಳುಗಿಸಲಿಕ್ಕ ಸರಿ ತೂಕ ಅದ.

ದಂಡಿ ಮ್ಯಾಲ ಯಂಕೋಬ, ಅಕ್ಕನ ಮಗ,
ಕೈಯಾಗ ಹಗ್ಗ, ಬಾಯಾಗ ಎಣಿಕಿ.
ಅವಗ ಒಂದೇ ಮಾತು ಹೇಳೀನಿ:
ನೂರಾ ಇಪ್ಪತ್ತಾದರ ಎಳಿ.
ಮ್ಯಾಲ ಬಂದ ಕೂಡ್ಲೆ ಮೀನು ಕೇಳಬ್ಯಾಡ.

ಉಸಿರು ಹಿಡಿಯೂಕಿಂತ ಮದಲ ಎಲ್ಲಾ ಬಿಡಬೇಕು:
ಭುಜ, ದವಡಿ, ಹುಬ್ಬಿನ ಗಂಟು,
ಮುಂಜಾನಿ ತುಳಜವ್ವ ಅಂದ
'ಪ್ಯಾಟಿಯಾಗ ಮೀನು ಸಿಗಂಗಿಲ್ಲೇನು?' ಅನ್ನೋದೂ.
ಕಡೀಕ ಹೊಟ್ಟಿಯಿಂದ ಕುತ್ತಿಗಿತನ ಒಂದು ಸಲ ತುಂಬಿ
ತಲಿ ಕೆಳಗ.

ಮದಲ ಹಳದಿ ಪದರು. ಮೂಗು ಒತ್ತಿ ಕಿವಿ ಬಿಡಿಸ್ತೀನಿ.
ಎರಡನೇದೂ ಹಳದಿ, ಪುಡಿಪುಡಿ, ಯಾರಿಗೂ ಬ್ಯಾಡಾದದ್ದು.
ಮೂರು, ನಾಕು: ನೀಲಿ.
ಕಲಬುರ್ಗಿಯ ಎಷ್ಟೋ ಪಡಸಾಲಿ
ಇಲ್ಲಿಂದ ಎದ್ದು ಹೋಗ್ಯಾವ.
ಐದರ ಕೆಳಗ ಬಿಸಿಲು ಹಸರಾಗ್ತದ,
ಕಾಲು ಆಡಿಸೋದು ಬ್ಯಾಡ, ನೀರೇ ಜಗ್ತದ.
ಆರನೇದರಾಗ ಅಪ್ಪನ ಉಳಿಯ ಗುರುತು ಕೈಗೆ ಸಿಗ್ತಾವ,
ಒಂದೇ ಕಡಿ ವಾಲಿದ ಗೀರು. ಅಂವ ಎಡಚ.

ಏಳು.
ಇಲ್ಲಿ ನಾವು ಬುತ್ತಿ ಬಿಚ್ಚತಿದ್ದಿವಿ.
ಮ್ಯಾಲಿನ ಕಲ್ಲು ಚಾಚಿ ಒಂದೀಟು ನೆರಳಿತ್ತು,
ಹನ್ನೆರಡು ಮಂದಿ ಒತ್ತಿ ಕೂಡತಿದ್ದಿವಿ,
ಸಜ್ಜಿ ರೊಟ್ಟಿ, ಪುಂಡಿಪಲ್ಯ, ಹಲ್ಲಿನ ಸಂದ್ಯಾಗ ಕಲ್ಲಿನ ಪುಡಿ.
ಆ ನೆರಳಿನಾಗ ಈಗ ಅದು ನಿಂತದ.
ಕಾಟ್ಲಾ. ತಲಿ ಅಂದರ ಬುಟ್ಟಿ.
ಕಿವಿರು ಬಾಗಲದಂಗ ತೆರೀತದ, ಮುಚ್ಚತದ,
ಅದಕ್ಕ ಯಾರೂ ಎಣಸಲಿಕ್ಕ ಕುಂತಿಲ್ಲ.

ಯಂಕೋಬನ ಬಾಯಾಗ ಎಪ್ಪತ್ತು ಇರಬೇಕು.
ಎದಿಯಡಿ ಮದಲ ಬಿಕ್ಕಳಿಕಿ ಬಂತು.
ಕಿವಿರಿನ ಹಿಂದ ಮೂರು ಬೆರಳು,
ಭರ್ಚಿ ತುದಿ ಅಲ್ಲಿ.

ಆಗ ವಾಡಿ ಕಡಿ ಫ್ಯಾಕ್ಟರಿಯವರು ಬಾರು ಹಾರಿಸಿದರು.

ನೀರಾಗ ಆ ಸಪ್ಪಳ ಕಿವಿಗೆ ಬರಂಗಿಲ್ಲ,
ಕಲ್ಲಿನಿಂದ ಸೀದಾ ಹಲ್ಲಿಗೆ ಬರ್ತದ.
ಮೀನು ಮರಿ ಇದ್ದಾಗಿಂದ ಕೇಳ್ಯದ,
ರೆಕ್ಕಿ ಸೈತ ಅಲ್ಲಾಡಿಸಲಿಲ್ಲ.
ಓಡಿದ್ದು ನನ್ನ ಕಾಲು.
ಹದಿನಾಕು ವರ್ಷದ ಹಿಂದಿನ ಸೀಟಿ ಊದಿದಂಗಾಗಿ
ಬಂದೂಕು ಬಗಲಾಗ ಸಿಗಿಸಿ
ಕತ್ತಲಿನಾಗ ಏಣಿ ಹುಡುಕಿ ಹತ್ತೇ ಬಿಟ್ಟವು.
ಪಾಚಿ, ತುಕ್ಕು.
ನಾಕನೇ ಮೆಟ್ಟಲು ಈಗಲೂ ಸಡಿಲ.
ಅಪ್ಪ ಯಾವಾಗಲೂ ಎಲ್ಲಾರ ಹಿಂದ ಹತ್ತತಿದ್ದ.
ತಿರುಗಿ ನೋಡಿದೆ,
ನೋಡಬಾರದು, ಉಸಿರು ಖರ್ಚಾಗ್ತದ,
ನೋಡಿದೆ.

ಮ್ಯಾಲ ಬಂದಾಗ ಆಕಾಶ ಭಾಳ ಬೆಳ್ಳಗಿತ್ತು.
'ತೊಂಬತ್ತೊಂದು,' ಅಂದ ಯಂಕೋಬ. 'ಮೀನು?'
ಬ್ಯಾಡಂದಿದ್ದೆ, ಆದರೂ ಕೇಳಿದ.
ಮೂರು ಸಲ ಉಸಿರು ತಗೊಂಡು ಹೇಳಿದೆ:
'ಊಟಕ್ಕ ಕುಂತದ.'
ಅವಗ ತಿಳೀಲಿಲ್ಲ.

ಕೆಳಗ ಇದ್ದದ್ದರ ಎರಡು ಪಟ್ಟು
ಮ್ಯಾಲ ಸುಮ್ಮ ಕೂಡಬೇಕು, ಅದು ನೇಮ.
ಬಿಸಿಲಿಗೆ ಫರಸಿ ಕಾದಿತ್ತು.
ಕುಂತೆ.
ನಡದ ಕಲ್ಲು ಬಿಚ್ಚಲಿಲ್ಲ.